ಕೈಚೀಲದಲ್ಲೇ ಉಳಿದ ಪೊಟ್ಟಣ

ಮನೆಯಲ್ಲಿ ಯಾರಾದರೂ ಹಾಸಿಗೆ ಹಿಡಿದರೆ ನೀವು ಮೊದಲು ಮಾಡುವ ಕೆಲಸ ಯಾವುದು? ನಿಜ ಹೇಳಿ. ಒಲೆಯ ಮೇಲೆ ಏನಾದರೊಂದು ಇಡುವುದು ತಾನೇ? ಗಂಜಿಯೋ, ಮೆಣಸಿನ ಸಾರೋ, ಸಬ್ಬಕ್ಕಿ ಪಾಯಸವೋ. ಆಸ್ಪತ್ರೆಗೆ ನೋಡಲು ಹೋಗುವಾಗಲೂ ನಾವು ಬರಿಗೈಯಲ್ಲಿ ಹೋಗುವವರಲ್ಲ. ಎಳನೀರು, ಮೂಸಂಬಿ, ಬ್ರೆಡ್ಡು, ಫ್ಲಾಸ್ಕಿನಲ್ಲಿ ಹಾಲು, ಏನಾದರೂ ಇರಲೇಬೇಕು. ಪ್ರೀತಿಯೆಂದರೆ ನಮಗೆ ಕೊಡುವುದು. ಕೊಟ್ಟಮೇಲೆ ಇನ್ನೂ ಸ್ವಲ್ಪ ಕೊಡುವುದು. ನಾನೂ ಹಾಗೇ ಬೆಳೆದವಳು. ಆದರೆ 2023ರಲ್ಲಿ ನಮ್ಮಕ್ಕನ ಹಾಸಿಗೆಯ ಪಕ್ಕದಲ್ಲಿ ಕಳೆದ ಎರಡು ವಾರ ನನ್ನ ಈ ನಂಬಿಕೆಯನ್ನು ಬುಡಸಮೇತ ಅಲುಗಾಡಿಸಿಬಿಟ್ಟವು. ಆ ಕಥೆಯನ್ನು ನಿಮ್ಮ ಮುಂದೆ ಹೇಳಿಕೊಳ್ಳಬೇಕೆನ್ನಿಸಿದೆ. ಇದರಲ್ಲಿ ನನ್ನದೊಂದು ತಪ್ಪೂ ಇದೆ. ಅದನ್ನು ಮುಚ್ಚಿಡುವುದಿಲ್ಲ.

ಅಂದು ವರಮಹಾಲಕ್ಷ್ಮಿ ಹಬ್ಬ. ಅಕ್ಕನ ಮನೆ ತಿಪಟೂರಿನ ಹತ್ತಿರ. ಬೆಳಗಿನಿಂದ ಉಪವಾಸವಿದ್ದು, ಕಳಶ ಕೂರಿಸಿ, ಮೂವತ್ತು ಜನ ಮುತ್ತೈದೆಯರಿಗೆ ಅರಿಶಿನ ಕುಂಕುಮ ಕೊಟ್ಟು, ರಾತ್ರಿ ಎಲ್ಲರದೂ ಆದಮೇಲೆ ತಾನು ಎರಡು ಹೋಳಿಗೆ ತುಪ್ಪ ಹಾಕಿಕೊಂಡು ತಿಂದಳಂತೆ. ಹನ್ನೊಂದು ಗಂಟೆಗೆ ಹೊಟ್ಟೆಯ ಮೇಲ್ಭಾಗದಲ್ಲಿ ನೋವು ಶುರುವಾಯಿತು. "ಗ್ಯಾಸು ಇರಬೇಕು" ಎಂದು ಸೋಡಾ ಕುಡಿದಳು. ಜೀರಿಗೆ ನೀರು ಕುಡಿದಳು. ಭಾವನವರನ್ನು ಎಬ್ಬಿಸಲಿಲ್ಲ, ಹಬ್ಬದ ಓಡಾಟದಲ್ಲಿ ಅವರಿಗೂ ದಣಿವಾಗಿತ್ತಲ್ಲ ಎಂದು. ನೋವು ಬೆನ್ನಿಗೆ ಹೊಕ್ಕಿತು, ವಾಂತಿಯಾಯಿತು, ಮಲಗಲಾರದೆ ಮುಂದಕ್ಕೆ ಬಾಗಿ ದಿಂಬು ಅಪ್ಪಿಕೊಂಡು ಬೆಳಗಿನವರೆಗೂ ಕೂತಿದ್ದಳು. ನಾವು ಹೆಂಗಸರು ಎಷ್ಟು ಜನ ಹೀಗೆ ರಾತ್ರಿ ಕಳೆದಿಲ್ಲ ಹೇಳಿ! ಬೆಳಿಗ್ಗೆ ಊರಿನ ಡಾಕ್ಟರು ಕೈಯಿಟ್ಟು ನೋಡಿ, ರಕ್ತ ಪರೀಕ್ಷೆ ಮಾಡಿಸಿ, "ತಡ ಮಾಡಬೇಡಿ, ಬೆಂಗಳೂರಿಗೆ ಕರಕೊಂಡು ಹೋಗಿ" ಎಂದರು. ನಾನು ಸುದ್ದಿ ತಿಳಿದು ಅಲ್ಲಿಗೇ ಓಡಿದೆ.

ಕಾಯಿಲೆಯ ಹೆಸರು ಅಕ್ಯೂಟ್ ಪ್ಯಾಂಕ್ರಿಯಾಟೈಟಿಸ್. ಕನ್ನಡದಲ್ಲಿ ಹೇಳುವುದಾದರೆ ಮೇದೋಜೀರಕ ಗ್ರಂಥಿಯ ದಿಢೀರ್ ಊತ. ಶಾಲೆಯಲ್ಲಿ ಓದಿದ ನೆನಪು ನಿಮಗೂ ಇರಬಹುದು: ಜಠರದ ಹಿಂದೆ ಗೇಣುದ್ದದ ಒಂದು ಗ್ರಂಥಿ, ಉಂಡ ಅನ್ನ ಅರಗಿಸಲು ರಸ ಕೊಡುವುದೂ ಅದೇ, ಸಕ್ಕರೆ ಹತೋಟಿಯಲ್ಲಿಡುವ ಇನ್ಸುಲಿನ್ ಮಾಡುವುದೂ ಅದೇ. ಪಿತ್ತಕೋಶದಲ್ಲಿ ಕಲ್ಲುಗಳಿದ್ದು, ಅದರಲ್ಲೊಂದು ಜಾರಿ, ಪಿತ್ತನಾಳವೂ ಮೇದೋಜೀರಕದ ನಾಳವೂ ಕೂಡುವ ಬಾಯಿಗೆ ಅಡ್ಡ ಕೂತರೆ, ಕರುಳಿಗೆ ಹೋಗಬೇಕಾದ ರಸ ಒಳಗೇ ನಿಂತು ಆ ಗ್ರಂಥಿಯನ್ನೇ ಅರಗಿಸತೊಡಗುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ. ಕುಡಿತ ಈ ಕಾಯಿಲೆಗೆ ಇನ್ನೊಂದು ಮುಖ್ಯ ಕಾರಣ. ಆದ್ದರಿಂದಲೇ ನೋಡಲು ಬಂದ ಒಬ್ಬ ನೆಂಟರು "ಇದು ಕುಡಿಯೋರಿಗೆ ಬರೋದಲ್ವೇ?" ಎಂದು ಬಾಗಿಲಲ್ಲೇ ಪಿಸುಗುಟ್ಟಿದರು. ಮೂವತ್ತು ವರ್ಷ ಮಡಿಯುಟ್ಟು ಅಡಿಗೆ ಮಾಡಿದ ಅಕ್ಕನಿಗೆ ಎಂಥ ಮಾತು! ನಿಮಗೂ ಯಾರಾದರೂ ಹಾಗೆಂದರೆ ಹೇಳಿ: ಹೆಂಗಸರಲ್ಲಿ ಪಿತ್ತಕೋಶದ ಕಲ್ಲು ಬಹಳ ಸಾಮಾನ್ಯ, ಅದೊಂದು ಸಾಕು.

ಐದು ಜನರಲ್ಲಿ ಸುಮಾರು ನಾಲ್ವರಿಗೆ ಇದು ಒಂದು ವಾರದೊಳಗೆ ತಾನೇ ಇಳಿಯುತ್ತದಂತೆ. ಉಳಿದವರಿಗೆ ಹಾಗಲ್ಲ. ಆ ಗ್ರಂಥಿಯ ಉರಿ ಇಡೀ ಮೈಗೆ ಹಬ್ಬಿ ಶ್ವಾಸಕೋಶ, ಮೂತ್ರಪಿಂಡ ಒಂದೊಂದೂ ಸೋಲಬಹುದು. ಅಕ್ಕ ಎರಡನೆಯ ದಿನ ಏದುಸಿರು ಬಿಡತೊಡಗಿದಳು. ಅವಳನ್ನು ಐಸಿಯುಗೆ ಸೇರಿಸಿದರು. ದಿನಕ್ಕೆ ಎರಡು ಸಲ, ಐದೈದು ನಿಮಿಷ ಒಬ್ಬರನ್ನು ಒಳಗೆ ಬಿಡುತ್ತಿದ್ದರು.

ಮೊದಲನೆಯ ಆಶ್ಚರ್ಯ ಊಟದ್ದು. ನಮ್ಮ ಸೋದರಮಾವನಿಗೆ ಎಂಬತ್ತರ ದಶಕದಲ್ಲಿ ಇದೇ ಕಾಯಿಲೆ ಬಂದಿತ್ತು. ಅವರನ್ನು ಹತ್ತು ಹನ್ನೆರಡು ದಿನ ಒಂದು ಗುಟುಕು ನೀರೂ ಕೊಡದೆ ಮಲಗಿಸಿದ್ದು ನನಗೆ ಚೆನ್ನಾಗಿ ನೆನಪಿದೆ. ಅನ್ನ ಹೋದರೆ ರಸ ಊರುತ್ತದೆ, ರಸ ಊರಿದರೆ ಉರಿ ಹೆಚ್ಚುತ್ತದೆ, ಆದ್ದರಿಂದ ಗ್ರಂಥಿಗೆ ವಿಶ್ರಾಂತಿ ಕೊಡಬೇಕು. ಅಂದಿನ ವೈದ್ಯರ ಯೋಚನೆ ಅದು, ಕೇಳಲು ಎಷ್ಟು ಸರಿಯಾಗಿದೆ! ಆದರೆ ಅಕ್ಕನಿಗೆ ನಾಲ್ಕನೆಯ ದಿನ "ಹಸಿವು" ಎಂದ ಕೂಡಲೇ ಮೆತ್ತಗಿನ ಅನ್ನ, ಬೇಳೆಯ ತಿಳಿ ತಂದುಕೊಟ್ಟರು. ನಾನು ಗಾಬರಿಯಿಂದ ತಡೆಯಲು ಹೋದೆ.

ಅಲ್ಲೊಬ್ಬಳು ಚಿಕ್ಕ ವಯಸ್ಸಿನ ಡಾಕ್ಟರಮ್ಮ ಇದ್ದಳು, ಧಾರವಾಡದ ಕಡೆಯವಳು. ಕೆಲಸ ಮುಗಿದ ಮೇಲೆ ಹೊರಗಿನ ಬೆಂಚಿನ ಮೇಲೆ ನನ್ನ ಪಕ್ಕ ಕೂತು ಎಲ್ಲ ಬಿಡಿಸಿ ಹೇಳುವಷ್ಟು ತಾಳ್ಮೆ ಆ ಮಗುವಿಗೆ. ಬಹಳ ದಿನ ಖಾಲಿ ಬಿಟ್ಟ ಕರುಳಿನ ಒಳಪದರ ಸೊರಗಿ, ಅಲ್ಲಿನ ಕ್ರಿಮಿಗಳು ಮೈಗೆ ದಾಟುವ ಭಯವಿದೆಯಂತೆ. ಊಟವನ್ನು ರಕ್ತನಾಳದಲ್ಲಿ ಹರಿಸುವುದಕ್ಕಿಂತ ಕರುಳಿಗೇ ಕೊಡುವುದು ಮೇಲೆಂದು ಅಧ್ಯಯನಗಳು ತೋರಿಸಿವೆಯಂತೆ. ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯವರೂ 2006ರಲ್ಲಿ ಮೂಗಿನ ಕೊಳವೆಯಿಂದ ಜಠರಕ್ಕೆ ಕೊಟ್ಟರೂ ಸಾಕು, ಕರುಳಿನ ಆಳಕ್ಕೆ ಇಳಿಸಲೇಬೇಕೆಂದಿಲ್ಲ ಎಂದು ಪ್ರಕಟಿಸಿದ್ದಾರೆ. ನೆದರ್ಲೆಂಡ್ಸ್ ದೇಶದವರು ಮುಂದೆ ಹೋಗಿ, ಕೊಳವೆಯಾದರೂ ಎಲ್ಲರಿಗೂ ಬೇಕೇ ಎಂದು ಕೇಳಿದರು. ಕಾಯಿಲೆ ಬಲಿಯುವ ಭಯವಿದ್ದ 208 ರೋಗಿಗಳಲ್ಲಿ ಅರ್ಧದಷ್ಟು ಜನಕ್ಕೆ ಮೊದಲ ದಿನವೇ ಕೊಳವೆಯ ಆಹಾರ. ಉಳಿದವರಿಗೆ ಮೂರು ದಿನ ಕಾದು ಬಾಯಲ್ಲೇ ಊಟ, ಆಗದವರಿಗೆ ಮಾತ್ರ ಕೊಳವೆ. 2014ರಲ್ಲಿ ಹೊರಬಿದ್ದ ಫಲಿತಾಂಶ: ಸೋಂಕಿನಲ್ಲಾಗಲಿ ಸಾವಿನಲ್ಲಾಗಲಿ ಎರಡು ಗುಂಪಿಗೂ ವ್ಯತ್ಯಾಸವಿಲ್ಲ. ಕಾದವರಲ್ಲಿ ಮೂರರಲ್ಲಿ ಎರಡು ಪಾಲಿಗೂ ಹೆಚ್ಚು ಜನಕ್ಕೆ ಕೊಳವೆಯೇ ಬೇಕಾಗಲಿಲ್ಲ. ಅಕ್ಕನ ಮೂಗಿಗೆ ಕೊಳವೆ ಹೋಗದೇ ಉಳಿದದ್ದು ಹೀಗೆ.

ಇನ್ನು ಪೊಟ್ಟಣದ ವಿಷಯ. ಅದನ್ನು ಬರೆಯಲು ಈಗಲೂ ಕೈ ಹಿಂಜರಿಯುತ್ತದೆ.

ನನ್ನ ತಮ್ಮನ ಮಗ ಔಷಧಿ ಅಂಗಡಿಯಿಂದ ಒಂದು ಪುಡಿ ತಂದುಕೊಟ್ಟಿದ್ದ. ಕರುಳಿಗೆ ಒಳ್ಳೆಯದು ಮಾಡುವ ಬ್ಯಾಕ್ಟೀರಿಯಾ ಅದರಲ್ಲಿವೆಯಂತೆ, ಮೊಸರಿನಲ್ಲಿರುವಂಥವೇ. "ಅತ್ತೆ, ಇಷ್ಟೊಂದು ಆಂಟಿಬಯಾಟಿಕ್ ಕೊಡ್ತಿದಾರೆ, ದೊಡ್ಡತ್ತೆಗೆ ಇದು ಬೇಕೇ ಬೇಕು" ಎಂದ. ನನಗೂ ಸರಿಯೆನ್ನಿಸಿತು. ಐದನೆಯ ದಿನ ಒಳಗೆ ಹೋದಾಗ ಯಾರೂ ನೋಡದ ಹಾಗೆ ಅಕ್ಕನ ನೀರಿನ ಲೋಟಕ್ಕೆ ಬೆರೆಸಲು ಪೊಟ್ಟಣ ಹರಿಯುವುದರಲ್ಲಿದ್ದೆ. ನರ್ಸಮ್ಮ ಬಂದು ನನ್ನ ಕೈ ಹಿಡಿದಳು. ಗದರಿಸಿಯೇಬಿಟ್ಟಳು. ನನಗೆ ಅವಮಾನವಾಯಿತು, ಕೋಪವೂ ಬಂತು. ಮೊಸರು ತಿಂದು ಸತ್ತವರುಂಟೇ ಎಂದು ಹೊರಗೆ ಬಂದು ಅತ್ತೆ.

ಸಂಜೆ ಡಾಕ್ಟರಮ್ಮ ಬಂದು ಕೂತಳು. "ನಿಮ್ಮ ಮನಸು ಚಲೋದೇ ಐತ್ರಿ ಅಮ್ಮಾ. ಆದ್ರ ಈ ಜಡ್ಡಿನಾಗ ಅದು ಚಲೋ ಅಲ್ರಿ" ಎಂದು ಶುರುಮಾಡಿ ಹೇಳಿದ್ದು ಕೇಳಿ ನನ್ನ ಎದೆ ಝಲ್ಲೆಂದಿತು. ನನ್ನ ತಮ್ಮನ ಮಗನಿಗೆ ಹೊಳೆದದ್ದೇ ನೆದರ್ಲೆಂಡ್ಸಿನ ದೊಡ್ಡ ದೊಡ್ಡ ವೈದ್ಯರಿಗೂ ಹೊಳೆದಿತ್ತು. ಒಳ್ಳೆಯ ಬ್ಯಾಕ್ಟೀರಿಯಾ ಕೊಟ್ಟರೆ ಕೆಟ್ಟವು ಹಿಂಜರಿಯುತ್ತವೆ, ಸೋಂಕು ಕಡಿಮೆಯಾಗುತ್ತದೆ ಎಂದು. ಕಾಯಿಲೆ ಬಿಗಡಾಯಿಸುವ ಲಕ್ಷಣವಿದ್ದ 298 ರೋಗಿಗಳನ್ನು ಸೇರಿಸಿಕೊಂಡು, ಅರ್ಧ ಜನಕ್ಕೆ ಆರು ಬಗೆಯ ಬ್ಯಾಕ್ಟೀರಿಯಾ ಬೆರೆಸಿದ ಪುಡಿ, ಅರ್ಧ ಜನಕ್ಕೆ ಅದರಂತೆಯೇ ಕಾಣುವ ಬರೀ ಪುಡಿ ಕೊಟ್ಟರು. ಯಾರಿಗೆ ಯಾವುದೆಂದು ರೋಗಿಗೂ ಗೊತ್ತಿಲ್ಲ, ವೈದ್ಯರಿಗೂ ಗೊತ್ತಿಲ್ಲ. 2008ರಲ್ಲಿ ಲೆಕ್ಕ ಹೊರಬಂತು. ಸೋಂಕು ಎರಡು ಗುಂಪಿನಲ್ಲೂ ಹೆಚ್ಚುಕಡಿಮೆ ಅಷ್ಟೇ. ಆದರೆ ಬರೀ ಪುಡಿ ತೆಗೆದುಕೊಂಡವರಲ್ಲಿ ತೀರಿಕೊಂಡವರು 9 ಜನ. ಒಳ್ಳೆಯ ಬ್ಯಾಕ್ಟೀರಿಯಾ ತೆಗೆದುಕೊಂಡವರಲ್ಲಿ 24 ಜನ. ಅವರಲ್ಲಿ 9 ಜನಕ್ಕೆ ಕರುಳಿಗೆ ರಕ್ತ ಹರಿಯುವುದೇ ನಿಂತಿತ್ತು. ಇನ್ನೊಂದು ಗುಂಪಿನಲ್ಲಿ ಒಬ್ಬರಿಗೂ ಹಾಗಾಗಿರಲಿಲ್ಲ.

ನಾಳೆಯಿಂದ ಮೊಸರು ಬಿಟ್ಟುಬಿಡಿ ಎಂದು ನಾನು ಹೇಳುತ್ತಿಲ್ಲ, ತಪ್ಪು ತಿಳಿಯಬೇಡಿ. ಆರೋಗ್ಯವಾಗಿರುವವರ ಮೊಸರನ್ನಕ್ಕೂ ಇದಕ್ಕೂ ಸಂಬಂಧವಿಲ್ಲ. ಜೀವ ತೂಗಾಡುತ್ತಿರುವ ಮೈಗೆ, ಈ ಕಾಯಿಲೆಯಲ್ಲಿ, ಅದು ಆಗಲಿಲ್ಲ. ಎಲ್ಲರಿಗೂ ಒಳ್ಳೆಯದೆನಿಸಿದ್ದು ಒಳ್ಳೆಯದಾಗಿರಲಿಲ್ಲ, ಅಷ್ಟೇ. ಲೆಕ್ಕ ಇಡದೆ ಹೋಗಿದ್ದರೆ ಅದು ಯಾರಿಗೂ ಗೊತ್ತಾಗುತ್ತಲೂ ಇರಲಿಲ್ಲ. "ಪಾಪ, ಎಷ್ಟು ಮಾಡಿದರೂ ಉಳಿಯಲಿಲ್ಲ" ಎಂದು ಅತ್ತು ಸುಮ್ಮನಾಗುತ್ತಿದ್ದರು.

ಭಾವನವರ ಕೊರಗು ಬೇರೆ. ಅವರು ಡ್ರಿಪ್ಪಿನ ಬಾಟಲುಗಳನ್ನು ಎಣಿಸುತ್ತಿದ್ದರು. "ಆಚೆ ಹಾಸಿಗೆಯವರಿಗೆ ಒಂದರ ಹಿಂದೆ ಒಂದು ಹಾಕ್ತಿದಾರೆ, ನಮ್ಮವಳಿಗೆ ಹನಿ ಹನಿ ಬಿಡ್ತಿದಾರೆ. ದುಡ್ಡು ಕಡಿಮೆ ಕಟ್ಟಿದ್ವೇನೋ" ಎಂದು ನನ್ನ ಹತ್ತಿರ ಹೇಳಿಕೊಂಡರು. ಅದಕ್ಕೂ ಉತ್ತರವಿತ್ತು. ಈ ಕಾಯಿಲೆಯಲ್ಲಿ ಮೈಯ ನೀರು ಊತಕ್ಕೆ ಸೋರಿಹೋಗುವುದರಿಂದ ಡ್ರಿಪ್ಪನ್ನು ಧಾರಾಳವಾಗಿ ಹರಿಸಬೇಕೆಂದು ವರ್ಷಗಟ್ಟಲೆ ಪುಸ್ತಕಗಳಲ್ಲಿ ಬರೆದಿತ್ತು. ಸ್ಪೇನಿನ ವೈದ್ಯರು ಮುಂದೆ ನಿಂತು ಅದನ್ನು ಪರೀಕ್ಷೆಗೆ ಹಚ್ಚಿದರು. ಸ್ಪೇನ್, ಇಟಲಿ, ಮೆಕ್ಸಿಕೋ ಜೊತೆಗೆ ನಮ್ಮ ಭಾರತದ ಆಸ್ಪತ್ರೆಗಳೂ ಅದರಲ್ಲಿ ಸೇರಿದ್ದವು. ಒಂದು ಗುಂಪಿಗೆ ಗಂಟೆಗೆ, ಮೈತೂಕದ ಕಿಲೋ ಒಂದಕ್ಕೆ 3 ಮಿಲಿಲೀಟರಿನಂತೆ. ಇನ್ನೊಂದಕ್ಕೆ ಅದರ ಅರ್ಧ, ಒಂದೂವರೆ. 744 ಜನರನ್ನು ಸೇರಿಸಬೇಕೆಂದಿದ್ದವರು 249ಕ್ಕೇ ನಿಲ್ಲಿಸಬೇಕಾಯಿತು. ಹೆಚ್ಚು ನೀರು ಪಡೆದವರಿಗೆ ಕಾಯಿಲೆಯೇನೂ ಬೇಗ ಇಳಿಯಲಿಲ್ಲ. ಆದರೆ ನೂರಕ್ಕೆ 20 ಜನಕ್ಕೆ ಮೈಯಲ್ಲಿ ನೀರು ಹೆಚ್ಚಾಗಿ ತೊಂದರೆಯಾಯಿತು, ಹದವಾಗಿ ಪಡೆದವರಲ್ಲಿ ನೂರಕ್ಕೆ 6 ಜನಕ್ಕೆ ಮಾತ್ರ. ಇದು ಪ್ರಕಟವಾದದ್ದು 2022ರಲ್ಲಿ. ಅಕ್ಕ ಮಲಗಿದ್ದು ಅದರ ಮರುವರ್ಷ. ಮೊದಲೇ ಏದುಸಿರು ಬಿಡುತ್ತಿದ್ದವಳಿಗೆ ಒಂದು ವರ್ಷ ಮುಂಚೆ ಕಾಯಿಲೆ ಬಂದಿದ್ದರೆ? ನಾನು ಆ ಯೋಚನೆಯನ್ನು ಮುಂದುವರಿಸಲಾರೆ.

ನೀವು ಕೇಳಬಹುದು, ಇಂಥದ್ದಕ್ಕೆ ರೋಗಿಗಳನ್ನು ಚೀಟಿ ಎತ್ತಿದಂತೆ ಹಂಚುವುದೇಕೆ, ವೈದ್ಯರಿಗೆ ತೋಚಿದ್ದನ್ನು ಕೊಟ್ಟು ನೋಡಬಾರದೇ ಎಂದು. ನಾನೂ ಕೇಳಿದೆ. ಆಮೇಲೆ ನಮ್ಮ ಉಪ್ಪಿನಕಾಯಿ ಜಾಡಿಗಳು ನೆನಪಾದವು. ಹೊಸ ಅಂಗಡಿಯ ಖಾರದಪುಡಿ ಮೇಲೋ ಹಳೆಯದು ಮೇಲೋ ತಿಳಿಯಬೇಕೆಂದಿಟ್ಟುಕೊಳ್ಳಿ. ಹಳೆಯದರ ಮೇಲೆ ನಿಮಗೆ ಪ್ರೀತಿ. ಒಳ್ಳೊಳ್ಳೆಯ ಗಟ್ಟಿ ಮಾವಿನಕಾಯಿ ನಿಮಗೆ ಅರಿವಿಲ್ಲದೆಯೇ ಅದರ ಜಾಡಿಗೆ ಬೀಳುತ್ತವೆ. ಹೊಸದರ ಜಾಡಿ ಕೆಟ್ಟರೆ ದೋಷ ಖಾರದ್ದೋ ಕಾಯಿಯದೋ? ಕಣ್ಣು ಮುಚ್ಚಿ ಕಾಯಿಗಳನ್ನು ಎರಡು ಪಾಲು ಮಾಡಿದರೆ ಮಾತ್ರ ನಿಜ ತಿಳಿಯುತ್ತದೆ. ವೈದ್ಯರ ಕೈಯೂ ನಮ್ಮ ಕೈಯಂಥದ್ದೇ. ಹೆಚ್ಚು ಬಳಲಿದವರಿಗೆ ಹೆಚ್ಚು ಕೊಡಲು ಅವರಿಗೂ ಮನಸ್ಸಾಗುತ್ತದೆ. ಅದಕ್ಕೇ ಹಂಚುವ ಕೆಲಸ ಕಂಪ್ಯೂಟರಿನದು.

ಇಷ್ಟೆಲ್ಲ ಅರ್ಥವಾಗಿದ್ದರೂ ನಾನು ಮಾಡಿದ್ದೇನು ಗೊತ್ತೇ?

ಈ ಮಾತುಕತೆಯೆಲ್ಲ ಆದ ಮಾರನೆಯ ದಿನವೇ ಇನ್ನೊಬ್ಬ ವೈದ್ಯರು ಕೆಲವು ಕಾಗದ ಹಿಡಿದು ಭಾವನವರ ಬಳಿ ಬಂದರು. ನೋವಿಗೆ ಕೊಡುವ ಎರಡು ಔಷಧಿ, ಎರಡೂ ಬಳಕೆಯಲ್ಲಿರುವುವೇ, ಈ ಕಾಯಿಲೆಯಲ್ಲಿ ಯಾವುದು ಮೇಲೆಂದು ನೋಡುತ್ತಿದ್ದೇವೆ, ಅಕ್ಕನನ್ನು ಸೇರಿಸಿಕೊಳ್ಳಬಹುದೇ ಎಂದರು. ಅಕ್ಕ ಔಷಧಿಯ ಮಂಪರಿನಲ್ಲಿದ್ದುದರಿಂದ ಮನೆಯವರನ್ನು ಕೇಳಬೇಕಿತ್ತು. ಕನ್ನಡದಲ್ಲೇ ಬರೆದಿತ್ತು. ಬೇಡವೆನ್ನಬಹುದು, ಸೇರಿದ ಮೇಲೂ ಯಾವಾಗ ಬೇಕಾದರೂ ಬಿಡಬಹುದು, ಹೇಗಾದರೂ ಚಿಕಿತ್ಸೆಗೆ ಕೊರತೆಯಿಲ್ಲ ಎಂದು ಓದಿ ಹೇಳಿದರು. ಭಾವನವರು ನನ್ನ ಮುಖ ನೋಡಿದರು. "ಏನಮ್ಮಾ, ಏನು ಮಾಡೋಣ?" ಎಂದರು. ನಾನು ಒಂದು ಕ್ಷಣವೂ ಯೋಚಿಸದೆ, "ಬೇಡ ಭಾವ. ನಮ್ಮಕ್ಕ ಏನು ಪ್ರಯೋಗದ ಇಲಿಯೇ?" ಎಂದುಬಿಟ್ಟೆ.

ಆ ವೈದ್ಯರು ಬೇಸರಿಸಲಿಲ್ಲ. "ಆಗಲಿ ಅಮ್ಮಾ" ಎಂದು ಹೊರಟುಹೋದರು. ಅಕ್ಕನ ಚಿಕಿತ್ಸೆಯಲ್ಲಿ ಎಳ್ಳಷ್ಟೂ ವ್ಯತ್ಯಾಸವಾಗಲಿಲ್ಲ. ಹದಿನಾಲ್ಕನೆಯ ದಿನ ಅವಳು ನಡೆದುಕೊಂಡೇ ಹೊರಬಂದಳು. ಪಿತ್ತಕೋಶ ತೆಗೆಸುವುದೊಂದು ಬಾಕಿ ಇತ್ತು. ಕಾಯಿಲೆ ಸೌಮ್ಯವಾಗಿದ್ದರೆ ಮನೆಗೆ ಕಳುಹಿಸುವ ಮೊದಲೇ ತೆಗೆದುಬಿಡುವುದು ಮೇಲು. ಒಂದು ತಿಂಗಳು ಕಾದವರಲ್ಲಿ ನೂರಕ್ಕೆ 17 ಜನಕ್ಕೆ ಕಲ್ಲಿನ ತೊಂದರೆ ಮರುಕಳಿಸಿತು, ಆಗಲೇ ತೆಗೆಸಿದವರಲ್ಲಿ 5 ಜನಕ್ಕೆ ಮಾತ್ರ ಎಂದು 2015ರ ಇನ್ನೊಂದು ಡಚ್ ಅಧ್ಯಯನ ಹೇಳುತ್ತದೆ. ಅಕ್ಕನದು ಜೋರಾಗಿದ್ದುದರಿಂದ ಊತ ಇಳಿಯುವ ತನಕ ಕಾಯಬೇಕೆಂದರು. ದಿನ ಗೊತ್ತಾದ ಮೇಲೆ ಅಕ್ಕ "ದೀಪಾವಳಿ ಕಳೀಲಿ ಕಣೇ" ಎಂದು ರಾಗ ಎಳೆದಳು. ನಾವು ಬಿಡಲಿಲ್ಲ. ನಿಮ್ಮಲ್ಲೂ ಯಾರಾದರೂ ಕಲ್ಲಿಟ್ಟುಕೊಂಡು ಮದುವೆ, ಹಬ್ಬ, ಮಕ್ಕಳ ಪರೀಕ್ಷೆ ಎಂದು ಮುಂದೂಡುತ್ತಿದ್ದರೆ, ದಯವಿಟ್ಟು ಕಿವಿ ಹಿಂಡಿ ಕಳುಹಿಸಿ. ಮೇಲುಹೊಟ್ಟೆಯ ನೋವು ಬೆನ್ನಿಗೆ ಹೊಕ್ಕು, ವಾಂತಿಯೂ ಸೇರಿ, ಬಿಡದೆ ಕಾಡಿದರೆ ಸೋಡಾ ಕುಡಿದು ಬೆಳಗಾಗಲು ಕಾಯಬೇಡಿ. ಗಂಡನನ್ನು ಎಬ್ಬಿಸಿ.

ಆಪರೇಷನ್ ಆಗಿ ತಿಂಗಳ ಮೇಲೆ ನಾನು ಅಕ್ಕನ ಮನೆಗೆ ಹೋಗಿದ್ದೆ. ಜಿಡ್ಡಿಲ್ಲದ ಸೊಪ್ಪಿನ ಸಾರು ಮಾಡಿಕೊಟ್ಟು, ಹಿತ್ತಿಲ ಕಟ್ಟೆಯ ಮೇಲೆ ಇಬ್ಬರೂ ಕೂತಿದ್ದೆವು. ಆ ಕಾಗದದ ವಿಷಯ ಹೇಗೋ ಮಾತಿಗೆ ಬಂತು. ಊಟ, ಪುಡಿ, ಬಾಟಲು, ಆ ಡಾಕ್ಟರಮ್ಮ ಹೇಳಿದ್ದನ್ನೆಲ್ಲ ಅಕ್ಕನಿಗೆ ಹೇಳಿದೆ. ಅವಳು ಅವರೆಕಾಯಿ ಬಿಡಿಸುತ್ತ ಸುಮ್ಮನೆ ಕೇಳಿದಳು. ಕೊನೆಗೆ ಅಂದಳು:

"ಅಲ್ಲ ಕಣೇ, ಅಷ್ಟು ಜನ ಹೂಂ ಅಂದಿದ್ದಕ್ಕೆ ತಾನೇ ನಾನು ಬದುಕಿದ್ದು? ನನ್ನ ಸರದಿ ಬಂದಾಗ ನೀನು ಬೇಡ ಅಂದ್ಯಾ?"

ನಾನು ತಲೆ ತಗ್ಗಿಸಿದೆ. "ನಿನ್ನ ಮೇಲಿನ ಪ್ರೀತಿಗೆ ಅಂದೆ ಅಕ್ಕ."

"ಪ್ರೀತಿ ಸರಿ. ಆದ್ರೆ ನಾನು ಹೂಂ ಅಂತಿದ್ನೋ ಊಹೂಂ ಅಂತಿದ್ನೋ, ಮುಂಚೆ ಯಾವತ್ತಾದ್ರೂ ನನ್ನ ಕೇಳಿದ್ರಾ ನೀವು?"

ಗೆಳತಿಯರೇ, ಆ ಮಾತು ನನಗೆ ನರ್ಸಮ್ಮನ ಗದರಿಕೆಗಿಂತ ಹೆಚ್ಚು ನಾಟಿತು. ಆ 24 ಜನರನ್ನು ನೆನೆದೆ. ದೂರದ ದೇಶದಲ್ಲಿ ಯಾರದೋ ಅಕ್ಕ, ಯಾರದೋ ಗಂಡ. ಅವರ ಮನೆಯವರೂ ನನ್ನಂತೆಯೇ ಕಾರಿಡಾರಿನಲ್ಲಿ ಕೂತು, ಕೈ ನಡುಗುತ್ತ ಸಹಿ ಮಾಡಿರಬೇಕು. ಅವರ ದುಃಖಕ್ಕೆ ಸಮಾಧಾನ ಯಾರು ಹೇಳಬಲ್ಲರು? ಆದರೆ ಆ ನರ್ಸಮ್ಮ ನನ್ನ ಕೈ ಹಿಡಿದದ್ದು ಅವರಿಂದ. ನಾವು ಅವರಿಂದ ತೆಗೆದುಕೊಂಡೆವು; ನಮ್ಮ ಕಡೆಯಿಂದ ಕೊಡುವ ಹೊತ್ತಿಗೆ ಬಾಗಿಲು ಹಾಕಿಕೊಂಡೆವು. ಜೀವಮಾನವೆಲ್ಲ ಕೊಡುವುದೇ ಪ್ರೀತಿಯೆಂದುಕೊಂಡ ನಾನು!

ಕಾಗದ ಬಂದಾಗಲೆಲ್ಲ ಸಹಿ ಹಾಕಿ ಎಂದು ಹೇಳಲು ನಾನು ಯಾರು? ಬೇಡವೆನ್ನಲು ನಿಮಗೆ ಪೂರ್ಣ ಹಕ್ಕಿದೆ. ಆದರೆ ಇಲಿ ಗಿಲಿ ಎನ್ನುವ ಮೊದಲು ನಾಲ್ಕು ಪ್ರಶ್ನೆ ಕೇಳಿ. ಇದು ಯಾಕೆ? ಸೇರದಿದ್ದರೆ ನಮಗೆ ಏನು ಚಿಕಿತ್ಸೆ? ತೊಂದರೆಯೇನಾಗಬಹುದು, ಆದರೆ ನೋಡಿಕೊಳ್ಳುವವರು ಯಾರು? ಆಸ್ಪತ್ರೆಯ ನೈತಿಕ ಸಮಿತಿ ಇದನ್ನು ಒಪ್ಪಿದೆಯೇ? ನಮ್ಮ ದೇಶದಲ್ಲಿ 2007ರಿಂದ ಇಂಥ ಅಧ್ಯಯನಗಳನ್ನು ದಾಖಲಿಸುವ ಸರಕಾರದ ಪಟ್ಟಿಯೂ ಇದೆ. ಅದರಲ್ಲಿ ಇದರ ಸಂಖ್ಯೆ ಎಷ್ಟೆಂದು ಕೇಳಿ. ಸರಿಯಾದವರು ಉತ್ತರ ಕೊಡುತ್ತಾರೆ. ಕೊಡದಿದ್ದರೆ ಕಾಗದ ಹಿಂದಿರುಗಿಸಿ.

ಎಲ್ಲಕ್ಕೂ ಮೊದಲು, ಮನೆಯಲ್ಲಿ ಎಲ್ಲರೂ ಆರೋಗ್ಯವಾಗಿರುವ ಒಂದು ಸಂಜೆ, ಕಾಫಿ ಕುಡಿಯುತ್ತ ಒಬ್ಬರನ್ನೊಬ್ಬರು ಕೇಳಿಟ್ಟುಕೊಳ್ಳಿ: "ನಿನಗೆ ಹಾಗೇನಾದರೂ ಆಗಿ ಮಾತಾಡಲಾಗದಿದ್ದರೆ, ನಾನು ಏನನ್ನಲಿ?" ನಮ್ಮ ಮನೆಯಲ್ಲಿ ಕೇಳಿಯಾಯಿತು. ನಮ್ಮವರು "ಅಪಶಕುನ" ಎಂದು ಮುಖ ಸಿಂಡರಿಸಿದರು, ಆಮೇಲೆ ಅರ್ಧ ಗಂಟೆ ಮಾತಾಡಿದರು. ನಾನು ನನ್ನ ಉತ್ತರ ಹೇಳಿಟ್ಟಿದ್ದೇನೆ.

ಆ ಪೊಟ್ಟಣ ಇನ್ನೂ ನನ್ನ ಕೈಚೀಲದ ಒಳಜೇಬಿನಲ್ಲೇ ಇದೆ. ಅವಧಿ ಮುಗಿದಿದೆ. ಎಸೆಯಲು ಮನಸ್ಸಾಗಿಲ್ಲ.